ಉರಿಯುತ್ತಲೇ ಇದ್ದ ಲಾಟೀನು

ಸಣ್ಣಬೀರಪ್ಪ ಹೆಸರಿಗಷ್ಟೇ ಸಣ್ಣವನು. ಬಾವಿಯ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತನೆಂದರೆ ಕೆಳಗಿದ್ದವರಿಗೆ ಅರ್ಧ ಆಕಾಶವೇ ಕಾಣುತ್ತಿರಲಿಲ್ಲ. ಅಜ್ಜಂಪುರದಿಂದ ಕಡೂರಿನವರೆಗೆ ಯಾರು ಬಾವಿ ತೋಡಿಸಬೇಕಾದರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಕೆಲಸದಲ್ಲಿ ಕೊರೆ ಹುಡುಕುವ ಹಾಗಿರಲಿಲ್ಲ, ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಅವನಿಗೆ ಬುದ್ಧಿ ಹೇಳಿ ಗೆದ್ದವರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಮನೆದೇವರಿಗಿಂತ ಹೆಚ್ಚಿನ ನಂಬಿಕೆ ಅವನಿಗೆ ಒಂದು ಲಾಟೀನಿನ ಮೇಲೆ. ಬಾವಿಗೆ ಆಳು ಇಳಿಯುವ ಮುಂಚೆ ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ, ಉರಿದರೆ ಇಳಿಯಬಹುದು. ಕೆಲಸ ಮುಗಿಯುವವರೆಗೂ ಅದು ಕೆಳಗೇ ತೂಗುತ್ತಿರಬೇಕು. ಹಿಂದೊಮ್ಮೆ ಒಂದು ಹಾಳುಬಾವಿಯಲ್ಲಿ ದೀಪ ಫಕ್ಕನೆ ಆರಿದ್ದನ್ನು ಕಂಡು, ಇಳಿಯಲು ಹೊರಟಿದ್ದ ಮಗನನ್ನು ಅಪ್ಪ ರಟ್ಟೆ ಹಿಡಿದು ಹಿಂದಕ್ಕೆಳೆದಿದ್ದ. ತನ್ನ ಜೀವ ಉಳಿಸಿದ್ದು ಲಾಟೀನು ಎಂದು ಸಣ್ಣಬೀರಪ್ಪ ಊರೂರಿಗೆ ಹೇಳಿಕೊಂಡು ತಿರುಗುತ್ತಿದ್ದ. ಅದು ಸುಳ್ಳೂ ಅಲ್ಲ.

ಎಪ್ಪತ್ತರ ದಶಕದಲ್ಲಿ ಬಾವಿಗಳು ಆಳಕ್ಕೆ ಹೋದವು. ತೋಡುವಾಗ ಊರುವ ಸೆಲೆನೀರನ್ನು ಎತ್ತಲು ಎತ್ತು ಕಟ್ಟಿ ಎಳೆಸುವ ಕಪಿಲೆ ಹೋಗಿ ಡೀಸೆಲ್ ಎಂಜಿನ್ನು ಬಂತು. ಮೇಲೆ ಇಟ್ಟರೆ ಅದು ಅಷ್ಟು ಆಳದ ನೀರನ್ನು ಎಳೆಯಲಾರದು. ಹಾಗಾಗಿ ಬಾವಿಯೊಳಗೇ ನಡುಮಟ್ಟದಲ್ಲಿ ಹಲಗೆಯ ಅಟ್ಟಣೆ ಕಟ್ಟಿ ಅದರ ಮೇಲೆ ಕೂರಿಸುತ್ತಿದ್ದರು. ಎಂಜಿನ್ನು ಹೊಗೆ ಬಿಡುತ್ತಿತ್ತು, ತಳದಲ್ಲಿ ಜನ ಅಗೆಯುತ್ತಿದ್ದರು. ಕೆಮ್ಮು ಬಂದರೆ ಕೆಮ್ಮುತ್ತಿದ್ದರು, ಅಷ್ಟೆ.

ಎಪ್ಪತ್ತಾರರ ಬೇಸಿಗೆಯಲ್ಲಿ ಚೌಳಹಿರಿಯೂರಿನ ಈರಭದ್ರಪ್ಪನ ಹೊಲದಲ್ಲಿ ಬಾವಿ ಕೆಲಸ ನಡೆದಿತ್ತು. ತಳದಲ್ಲಿ ಮಂಕರಿಗೆ ಮಣ್ಣು ತುಂಬುತ್ತಿದ್ದವಳು ಸಣ್ಣಬೀರಪ್ಪನ ಹೆಂಡತಿ ದ್ಯಾಮಮ್ಮ. ಅಕ್ಕನ ಮಗಳನ್ನೇ ಕಟ್ಟಿಕೊಂಡಿದ್ದರಿಂದ ಅವಳಿಗೆ ಅವನು ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ.

"ಮಾವ, ತಲೆ ಸಿಡೀತೈತೆ. ಹೊಟ್ಟೆ ತೊಳಸ್ತೈತೆ. ಒಸಿ ಮೇಲೆ ಬತ್ತೀನಿ" ಎಂದು ಅವಳು ಕೆಳಗಿನಿಂದ ಕೂಗಿದಳು.

ಸಣ್ಣಬೀರಪ್ಪ ಅಂಚಿಗೆ ಬಂದು ಬಗ್ಗಿ ನೋಡಿದ. ಅವಳ ಮುಖ ನೋಡಲಿಲ್ಲ, ಪಕ್ಕದಲ್ಲಿ ತೂಗಾಡುತ್ತಿದ್ದ ಲಾಟೀನು ನೋಡಿದ.

"ದೀಪ ಜಗಜಗ ಅಂತ ಉರೀತೈತಲ್ಲೇ! ಏನೂ ಆಗಲ್ಲ. ಸೆಲೆ ನುಗ್ತೈತೆ, ತುಂಬು ತುಂಬು."

ಅವಳು ತುಂಬಿದಳು. ಮತ್ತೊಂದು ಮಂಕರಿ ಮೇಲೆ ಬಂತು. ಆಮೇಲೆ ಹಗ್ಗ ಸಡಿಲಾಗಿಯೇ ಉಳಿಯಿತು. ಅವನು ಬಗ್ಗಿದಾಗ ದ್ಯಾಮಮ್ಮ ಕೆಸರಿನಲ್ಲಿ ಪಕ್ಕಕ್ಕೆ ಒರಗಿದ್ದಳು. ಲಾಟೀನು ಹಾಗೇ ಉರಿಯುತ್ತಿತ್ತು.

ಅವನ ಜೀವ ಬಾಯಿಗೆ ಬಂತು. ಹೇಗೆ ಇಳಿದ, ಎಂಜಿನ್ನನ್ನು ಹೇಗೆ ನಿಲ್ಲಿಸಿದ, ಒಂದೂ ಆಮೇಲೆ ಅವನ ನೆನಪಿನಲ್ಲಿ ಇರಲಿಲ್ಲ. ಹೆಂಡತಿಯನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆಸಿ, ತಾನೂ ತೂರಾಡುತ್ತ ಹತ್ತಿ ಬಂದ. ಹುಣಸೆಮರದ ನೆರಳಲ್ಲಿ ಮಲಗಿಸಿ ಗಾಳಿ ಹಾಕಿದರು. ತುಂಬಾ ಹೊತ್ತಾದ ಮೇಲೆ ಅವಳು ಕಣ್ಣು ಬಿಟ್ಟು ವಾಂತಿ ಮಾಡಿಕೊಂಡಳು. ಕಡೂರಿನ ಡಾಕ್ಟರು ಬದುಕಿದ್ದೇ ಹೆಚ್ಚು ಎಂದರು. ತಲೆನೋವು ಮಾತ್ರ ಅವಳನ್ನು ಬಿಟ್ಟು ಹೋಗಲೇ ಇಲ್ಲ.

ಎಂಜಿನ್ನು ಬಾಡಿಗೆಗೆ ಕೊಟ್ಟಿದ್ದವರು ಅಜ್ಜಂಪುರದ ದಾವೂದ್ ಸಾಬ್, ಅಲ್ಲಿ ಎಂಜಿನ್ನು ರಿಪೇರಿಯ ಅಂಗಡಿ ಇಟ್ಟಿದ್ದವರು. ಸುದ್ದಿ ಕೇಳಿ ಸೈಕಲ್ಲಿನಲ್ಲಿ ಮನೆಗೇ ಬಂದರು.

"ಲಾಟೀನು ಉರೀತಾನೇ ಇತ್ತು ಸಾಬ್ರೇ" ಎಂದ ಸಣ್ಣಬೀರಪ್ಪ.

"ಉರೀತೈತಪ್ಪಾ, ಯಾಕೆ ಉರಿಯಲ್ಲ? ತರೀಕೆರೇಲಿ ನಮ್ಮ ಭಾವನ ಗ್ಯಾರೇಜು. ಮಳೆ ಅಂತ ಬಾಗಿಲು ಮುಚ್ಕಂಡು ಲಾರಿ ಚಾಲೂ ಇಟ್ಟಿದ್ರು. ಇಬ್ರು ಬಿದ್ಬಿಟ್ರು. ಪಕ್ಕದಲ್ಲಿ ಬುಡ್ಡಿದೀಪ ಉರೀತಾ ಕೂತಿತ್ತು. ನಿಮ್ಮಪ್ಪ ಹೇಳಿದ್ದು ಹಾಳುಬಾವಿ ಗಾಳಿಗೆ. ಅವರ ಕಾಲದಾಗೆ ಎಂಜಿನ್ ಎಲ್ಲಿತ್ತು? ಈ ಹೊಗೆ ದೀಪಾನ ಮುಟ್ಟಲ್ಲ, ಮನುಷ್ಯನ್ನ ಹಿಡೀತೈತೆ." ಆಮೇಲೆ ತಲೆ ತಗ್ಗಿಸಿ, "ಇದನ್ನ ಎಂಜಿನ್ ಕೊಡುವಾಗ್ಲೇ ನಾನು ಹೇಳ್ಬೇಕಿತ್ತು. ನಿಮಗೆ ಗೊತ್ತಿರ್ತದೆ ಅಂದ್ಕಂಡೆ" ಎಂದರು.

ಅಪ್ಪನ ಪದ್ಧತಿಯಲ್ಲಿ ತಪ್ಪು ಹುಡುಕಿದವರ ಮೇಲೆ ಹಾರೆ ಎತ್ತಿದ್ದವನು ಅಂದೇ ಸಾಬರ ಜೊತೆ ಬಾವಿಯ ಕಡೆಗೆ ಹೊರಟ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬಂದದ್ದು ಮಾತ್ರ ಗಟ್ಟಿಯಾಗಿ ಬಂತು. ಇಬ್ಬರೂ ಸೇರಿ ಎಂಜಿನ್ನಿನ ಹೊಗೆ ಬಾಯಿಗೆ ಕಬ್ಬಿಣದ ಪೈಪು ಜೋಡಿಸಿ ಬಾವಿಯ ಅಂಚು ದಾಟಿ ಆಳೆತ್ತರಕ್ಕೆ ಏರಿಸಿದರು. ಕೆಲಸಕ್ಕೆ ಇಳಿಯುವ ಮುಂಚೆ ಹೊಂಗೆಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಿಸುವುದು ರೂಢಿಯಾಯಿತು. ಎಂಜಿನ್ನು ನಿಲ್ಲಿಸುವ ಹಿಡಿಗೆ ದಾವೂದ್ ಸಾಬರು ಒಂದು ಹಗ್ಗ ಕಟ್ಟಿ ಮೇಲಕ್ಕೆ ತಂದರು. ಎಳೆದರೆ ಎಂಜಿನ್ನು ನಿಲ್ಲುತ್ತಿತ್ತು.

ಆ ಹಗ್ಗವನ್ನು ಸಣ್ಣಬೀರಪ್ಪ ದ್ಯಾಮಮ್ಮನ ಕೈಗೆ ಕೊಟ್ಟ. ಅವಳು ಮತ್ತೆ ಬಾವಿಗೆ ಇಳಿಯಲಿಲ್ಲ. ಹಣೆಗೆ ಬಟ್ಟೆ ಬಿಗಿದುಕೊಂಡು ಅಂಚಿನಲ್ಲಿ ಕೂತು ಆಗಾಗ "ಹೋ" ಎನ್ನುವಳು. ಕೆಳಗಿದ್ದವರು "ಹೋ" ಎನ್ನಬೇಕು. ಯಾರಾದರೂ ತಲೆನೋವು ಎಂದರೆ, ದನಿ ಎಳೆದರೆ, ಅವಳು ಯಾರನ್ನೂ ಕೇಳದೆ ಹಗ್ಗ ಎಳೆಯುವಳು. ಸೆಲೆನೀರು ಏರುತ್ತದೆ ಎಂದು ಹೊಲದವರು ಗೊಣಗಿದರೆ, "ನೀರು ಮತ್ತೆ ಎತ್ತಬೌದು ಕಣ್ರೀ, ಆಳನ್ನ ಎತ್ತಕಾಗಲ್ಲ" ಎಂದು ಸಣ್ಣಬೀರಪ್ಪ ಬಾಯಿ ಮುಚ್ಚಿಸುವನು. ಆದರೆ ಹಣೆಯ ಬಟ್ಟೆ ಕಂಡಾಗೆಲ್ಲ ಅವನು ಕಣ್ಣು ಬೇರೆ ಕಡೆ ಹೊರಳಿಸುವನು. ಅವಳಿಗೆ ಹೇಳಬೇಕಾದ ಒಂದು ಮಾತು ಬಾಯಿಗೆ ಬಂದು ಬಂದು ಒಳಗೆ ಹೋಗುತ್ತಿತ್ತು. ಅವಳೂ ಕೆದಕಲಿಲ್ಲ.

ಎಂಬತ್ತನಾಲ್ಕರಲ್ಲಿ ಅಮೃತಾಪುರದ ಹತ್ತಿರ ಒಂದು ಬಾವಿ. ತಳದಲ್ಲಿ ಬಂಡೆ ಸಿಕ್ಕಿತ್ತು. ಸಣ್ಣಬೀರಪ್ಪ ಒಬ್ಬನೇ ಇಳಿದು ಹಾರೆ ಹಿಡಿದಿದ್ದ. ಹಳೆಯ ಅಭ್ಯಾಸಕ್ಕೆ ಲಾಟೀನೂ ಕೆಳಗಿತ್ತು. ಅಟ್ಟಣೆ ಅದುರಿ ಅದುರಿ ಹೊಗೆ ಪೈಪಿನ ಕೀಲೊಂದು ಬಾವಿಯೊಳಗೇ ಬಿಚ್ಚಿಕೊಂಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

"ಹೋ" ಎಂದಳು ದ್ಯಾಮಮ್ಮ.

"ಹೋ..." ಎಂದ. ದನಿ ತಡವಾಗಿ ಬಂತು.

ಅವಳು ಹಗ್ಗ ಎಳೆದಳು. ಎಂಜಿನ್ನು ಕೆಮ್ಮಿ ನಿಂತಿತು.

"ಯಾಕೆ ನಿಲ್ಲಿಸಿದ್ಯೇ? ನಂಗೇನೂ ಆಗಿಲ್ಲ!" ಕೆಳಗಿನಿಂದ ಕೂಗಾಟ. "ಚಾಲೂ ಮಾಡ್ಸು, ನೀರು ಏರ್ತೈತೆ!"

"ಮೇಲಕ್ಕೆ ಬಾ ಮಾವ."

"ಬರಲ್ಲ ಹೋಗೇ!"

"ನೀನು ಬರೋಗಂಟ ಈ ಹಗ್ಗ ಬಿಡಲ್ಲ" ಎಂದು ಅವಳು ಅದನ್ನು ಮುಂಗೈಗೆ ಸುತ್ತಿಕೊಂಡಳು.

ಬೈದುಕೊಳ್ಳುತ್ತಲೇ ಹತ್ತಿದ. ಅರ್ಧಕ್ಕೆ ಬರುವಾಗ ಕೈ ಸೋತಿತು, ಕೊನೆಯ ಮೆಟ್ಟಿಲಲ್ಲಿ ಆಳುಗಳು ರಟ್ಟೆ ಹಿಡಿದು ಎಳೆದುಕೊಂಡರು. ಮಣ್ಣಿನ ಗುಡ್ಡೆಯ ಮೇಲೆ ಬಗ್ಗಿ ವಾಂತಿ ಮಾಡಿದ, ಅಲ್ಲೇ ಕುಸಿದು ಕೂತ. ದ್ಯಾಮಮ್ಮ ನೀರು ತಂದು ಮುಖ ತೊಳೆಸಿದಳು. ಅವನ ಕಣ್ಣು ನೆಟ್ಟಗಾಗುವವರೆಗೂ ಸೆರಗಿನಿಂದ ಗಾಳಿ ಹಾಕಿದಳು.

ಆಮೇಲೆ ಮೆಲ್ಲಗೆ ಕೇಳಿದಳು: "ದೀಪ ಉರೀತಿತ್ತಾ ಮಾವ?"

ಸಣ್ಣಬೀರಪ್ಪ ಅವಳ ಹಣೆಯ ಬಟ್ಟೆಯನ್ನೂ, ಮುಂಗೈಯಲ್ಲಿ ಎದ್ದಿದ್ದ ಹಗ್ಗದ ಬಾಸುಂಡೆಯನ್ನೂ ನೋಡಿದ.

"ಜಗಜಗ ಅಂತ ಉರೀತಿತ್ತು ಕಣೇ" ಎಂದ. ಆಳುಗಳು ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ ಅಳುತ್ತ, "ಅವತ್ತು ನಾನು ನಿನ್ ಮುಖ ನೋಡ್ಬೇಕಿತ್ತು" ಎಂದ.