ಚಿಗವ್ವ ಕಟ್ಟೆ ಏರಿದ ಸಂಜೆ

ಮೊನ್ನೆ ನಮ್ಮ ಬಡಾವಣೆಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಮಂದಿಯೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ನಾನೊಬ್ಬ ಗೇಟಿಗೆ ಆತುಕೊಂಡು ನಿಂತೇ ಇದ್ದೆ. "ಏನ್ರಿ, ಅದೇನ್ ಒಗ್ಗರಣಿ ವಾಸನೇನು, ಹಂಗ ನಿಂತೀರಿ?" ಎಂದು ಹೆಂಡತಿ ಕೇಳಿದಳು. ಏನಂತ ಹೇಳಲಿ? ಬಿಸಿ ಡಾಂಬರಿನ ವಾಸನೆ ಬಂದರೆ ಸಾಕು, ಊರಲ್ಲಿ ರಸ್ತೆ ಅಗಲ ಮಾಡಿದ್ದು, ಅದರಲ್ಲಿ ನಮ್ಮ ಕಟ್ಟೆ ಹೋದದ್ದು ನೆನಪಾಗುತ್ತದೆ.

ನಮ್ಮೂರು ಹುಬ್ಬಳ್ಳಿಯಿಂದ ಸಂಶಿ ಕಡೆಗೆ ಹೋಗುವ ದಾರಿಯಲ್ಲಿದೆ. ನಾವು ಸಣ್ಣವರಿದ್ದಾಗ ಹುಬ್ಬಳ್ಳಿ ಎಂದರೆ ಬುತ್ತಿ ಕಟ್ಟಿಕೊಂಡು ಹೋಗುವ ಊರು. ಈಗ ನೋಡ್ರಿ, ಹುಬ್ಬಳ್ಳಿಯೇ ನಮ್ಮೂರಿಗೆ ನಡೆದು ಬರುತ್ತಿದೆ. ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಬಣ್ಣದ ಕಲ್ಲು ನೆಟ್ಟು ಪ್ಲಾಟು ಮಾಡಿದ್ದಾರೆ. ಹುಬ್ಬಳ್ಳಿಯ ಅಂಚಿಗೆ ಅಂಥದೇ ಒಂದು ಪ್ಲಾಟು ಹಿಡಿದು ಮನೆ ಕಟ್ಟಿಸಿಕೊಂಡ ನಾನು, ಸಂಜೆ ಪಾರ್ಕಿನಲ್ಲಿ ಕುಳಿತು, "ಹೊಲಾ ಎಲ್ಲಾ ಹಾಳಾದ್ವು ನೋಡ್ರಿ" ಎಂದು ಮರುಗುತ್ತೇನೆ. ಆ ಮರುಕವೂ ಖರೆ, ಮನೆಯೂ ಖರೆ.

ಕಟ್ಟೆ ಇದ್ದದ್ದು ಬಸ್ಸು ನಿಲ್ಲುವ ಕಡೆ, ಬೇವಿನ ಮರದ ಸುತ್ತ. ಕೂತು ಕೂತು ಅದರ ಕಲ್ಲು ಅಗದಿ ನುಣುಪಾಗಿತ್ತು. ಬೇಕಾದಲ್ಲಿ ಕೂಡುವ ಹಾಗಿರಲಿಲ್ಲ, ಮತ್ತೆ. ಮರದ ಬುಡಕ್ಕೆ ಬೆನ್ನು ಹಚ್ಚಿ ಹಿರಿಯರು, ಅವರ ಈಚೆ ಸಂಸಾರಸ್ಥರು, ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಮೀಸೆ ಚಿಗುರಿದವರು. ನೌಕರಿಯಲ್ಲಿ ಬಡ್ತಿ ಬರಬೇಕಾದರೆ ನನ್ನ ಕೂದಲು ಹಣ್ಣಾದವು. ಕಟ್ಟೆಯ ಮೇಲೆ ಮಾತ್ರ ಮದುವೆಯಾದ ಕೂಡಲೇ ಬಂತು. "ಬಾರಪಾ, ಇನ್ನ ಮ್ಯಾಲ ಸರಿ. ನೀನೂ ಸಿಕ್ಕೊಂಡಿ" ಎಂದು ಹಿರಿಯರಾದ ಶಿವಲಿಂಗಪ್ಪನವರು ಜಾಗ ಮಾಡಿ ಕೊಟ್ಟರು.

ಒಬ್ಬ ಪೇಪರು ಓದಿದರೆ ಕಟ್ಟೆಯೆಲ್ಲ ಕೇಳುತ್ತಿತ್ತು. ಒಬ್ಬ ಎಲೆ ಅಡಿಕೆಯ ಚೀಲ ಬಿಚ್ಚಿದರೆ ಎಲ್ಲರೂ ಕೈ ಚಾಚುತ್ತಿದ್ದರು. ಜಗಳಾಡಿದವರನ್ನು ಬಾಜೂಕ ಬಾಜೂಕ ಕೂಡಿಸಿಯೇ ರಾಜಿ ಮಾಡಿಸುತ್ತಿದ್ದರು. ಇದನ್ನೆಲ್ಲ ಪಾರ್ಕಿನ ಗೆಳೆಯರ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ, ನಾನು "ನಮ್ಮೂರ ಕಟ್ಟಿ" ಅನ್ನುವಷ್ಟರಲ್ಲಿ ಅವರು ಚಪ್ಪಲಿ ಹುಡುಕತೊಡಗುತ್ತಾರೆ.

ರಸ್ತೆಯವರು ಬೇವಿನ ಮರಕ್ಕೆ ಕೆಂಪು ಗುರುತು ಹಾಕಿ ಹೋದ ದಿನ ಶಿವಲಿಂಗಪ್ಪನವರ ಫೋನು ಬಂತು. "ನೀ ನಾಕ ಅಕ್ಷರ ಕಲತಾಂವ. ನಾಳೆ ಸಾಹೇಬ್ರು ಬರ್ತಾರ, ಕಟ್ಟಿ ಉಳಸ್ರಿ ಅಂತ ಚೊಲೊತ್ನಂಗ ಹೇಳ ಬಾ." ಬಸ್ಸಿನ ತುಂಬ ಭಾಷಣ ಬಾಯಿಪಾಠ ಮಾಡುತ್ತ ಹೋದೆ. ಬಾಜೂಕ ಕೂತವನು ನನಗೇನೋ ಆಗಿದೆ ಎಂದುಕೊಂಡು ಬೇರೆ ಸೀಟಿಗೆ ಹೋದ.

ಉಳಿದುಕೊಂಡದ್ದು ಚಿಗವ್ವನ ಮನೆಯಲ್ಲಿ. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ನೀಲವ್ವ. ನನ್ನವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತು ಭಾಷಣ ಒಪ್ಪಿಸಿದೆ. "ಇಡೀ ಊರು ಒಂದಾಗಿ ಕೂತ ಜಾಗ ಇದು..."

ಚಿಗವ್ವ ರೊಟ್ಟಿಗೆ ನೀರು ಸವರುತ್ತ ಹೇಳಿದಳು: "ಚೊಲೋ ಹೇಳ್ತಿ. ಆದ್ರ ನನಗೇನ್ ತಿಳೀತೈತಪಾ, ನಾ ಅದರ ಮುಂದ ಹಾದೇ ಇಲ್ಲ."

ಹೌದು, ನಮ್ಮೂರಿಗೆ ಸೊಸೆಯಾಗಿ ಬಂದವರು ಕಟ್ಟೆಯ ಮುಂದೆ ಹಾಯುತ್ತಿರಲಿಲ್ಲ. ಕೆರೆಯ ನೀರಿಗೆ ಹೋಗಲಿ, ಹೊಲಕ್ಕೆ ಹೋಗಲಿ, ಹಿಂದಿನ ಓಣಿಯಿಂದಲೇ. ತಿಪ್ಪೆ ದಾಟಿ, ಜಾಲಿಮುಳ್ಳು ಸರಿಸಿಕೊಂಡು. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಮಣವಾಗುತ್ತದೆ, ತಲೆಯ ಮೇಲೆ ಕೊಡ ಬೇರೆ. ಹೀಗೇ ಹೋಗಬೇಕೆಂದು ಯಾರೂ ಗದರಿಸಿರಲಿಲ್ಲ. "ಹಿರ್ಯಾರು ಕುಂತಿರ್ತಾರ" ಅಂದರೆ ಮುಗಿಯಿತು. ಈಚೀಚೆಗೆ ಹುಬ್ಬಳ್ಳಿಗೆ ಕಾಲೇಜು, ಅಂಗಡಿ, ಆಸ್ಪತ್ರೆ ಎಂದು ಹೋಗುವ ಹುಡುಗಿಯರು ಕಟ್ಟೆಯ ಮುಂದೆಯೇ ಬಸ್ಸು ಕಾಯುತ್ತಿದ್ದರು. ನಿಂತು ಸಾಕಾದರೆ ಕೂತೂ ಬಿಡುತ್ತಿದ್ದರು. ಹಿರಿಯರು ಮೊದಮೊದಲು ಕೆಮ್ಮಿದರು, ಆಮೇಲೆ ಸರಿದು ಕೂತರು. ಚಿಗವ್ವನಿಗೆ ಮಾತ್ರ ಆವತ್ತಿಗೂ ಹಿಂದಿನ ಓಣಿಯೇ.

"ಒಮ್ಮೆರೆ ಅಲ್ಲಿ ಕೂಡಬೇಕು ಅನಿಸಿಲ್ಲೇನು?" ಎಂದು ಕೇಳಿದೆ.

"ಅನಿಸದ ಏನು? ಬಾಳ ಅನಸೇತಿ. ಕೇಳಾವ್ರ ಯಾರು?" ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಅವಳು ತೆಗೆಯಲಿಲ್ಲ. "ಈಗ ಕೆಡವ್ತಾರಂತ. ನಮ್ಮ ಪಾಲಿಗೆ ಅದು ಇದ್ದೂ ಇಲ್ಲದಂಗ ಆತು."

"ಹಂಗಾರ ಏಳು, ಹೋಗೂಣು."

"ಹುಚ್ಚ ಅದಿ" ಎಂದಳು. ಎಂದವಳು ಎದ್ದು ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಓಣಿಯ ಮೂಲೆಗೆ ಬಂದಾಗ ಅವಳ ಕಾಲು ತಾವಾಗಿಯೇ ಹಿಂದಿನ ದಾರಿಗೆ ತಿರುಗಿದವು. ನಾನು ಕೈ ಹಿಡಿದುಕೊಂಡೆ.

ನಮ್ಮನ್ನು ಕಂಡು ಕಟ್ಟೆಯ ಮೇಲಿನವರೆಲ್ಲ ಇತ್ತ ತಿರುಗಿದರು. ಚಿಗವ್ವ ತಲೆಯ ಸೆರಗು ಎಳೆದುಕೊಂಡಳು. ಬಸ್ಸಿನಲ್ಲಿ ಕಲಿತ ಭಾಷಣದ ಒಂದು ಅಕ್ಷರವೂ ನನ್ನ ಕೆಲಸಕ್ಕೆ ಬರಲಿಲ್ಲ. ಶಿವಲಿಂಗಪ್ಪನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೋಲು ಊರಿ ಮರದ ಬುಡದಿಂದ ಸರಿದರು.

"ಬಾರವ್ವಾ ನೀಲವ್ವಾ, ಇಲ್ಲೆ ಬೆನ್ನ ಹಚ್ಚಿ ಕೂಡು."

ಚಿಗವ್ವ ಕೂತಳು. ಕಲ್ಲಿನ ಮೇಲೆ ಕೈಯಾಡಿಸಿದಳು. ಆ ಕಡೆ ಈ ಕಡೆ ಕಣ್ಣು ಹಾಯಿಸಿ, ಒಂದು ಕಡೆ ನೋಟ ನಿಲ್ಲಿಸಿದಳು.

"ಅಣ್ಣಾರ, ಇಲ್ಲಿಂದ ಹಿಂದಿನ ಓಣಿ ಕಾಣತೈತಲ್ರಿ."

ಒಬ್ಬರು ಓದುತ್ತಿದ್ದ ಪೇಪರು ಮಡಿಚಿದರು.

"ನಾವು ಮುಳ್ಳಾಗ ಕೊಡ ಹೊತ್ತು ಹೋಗೂದು ಕಾಣತಿತ್ತು, ಹಂಗಾರ."

"ಕಾಣತಿತ್ತವ್ವಾ" ಎಂದರು ಶಿವಲಿಂಗಪ್ಪನವರು, ನೆಲ ನೋಡುತ್ತ. "ಹೆಣಮಕ್ಕಳನ್ನ ನೋಡಬಾರದಂತ ಮಾರಿ ತಿರುಗಿಸ್ಕೊಂಡು ಕೂಡ್ತಿದ್ವಿ."

ಚಿಗವ್ವ ಸೆರಗು ಬಾಯಿಗೆ ಹಿಡಿದಳು. ಅಳುತ್ತಾಳೆಂದು ನಾನು ಹೆದರಿದೆ; ನಗುತ್ತಿದ್ದಳು. "ಕಾಣಬಾರದಂತ ನಾವು ಸುತ್ತ ಹಾಕಿದ್ವಿ, ನೋಡಬಾರದಂತ ನೀವು ಕುತ್ತಿಗಿ ನೋಯಿಸ್ಕೊಂಡ್ರಿ. ಇಬ್ಬರಿಗೂ ಬುದ್ಧಿ ಇರಲಿಲ್ಲ ತಗೋರಿ." ಶಿವಲಿಂಗಪ್ಪನವರಿಗೂ ನಗು ಬಂತು. ನಗುತ್ತಲೇ ಎಲೆ ಅಡಿಕೆಯ ಚೀಲ ಅವಳ ಕಡೆಗೆ ಸರಿಸಿದರು.

ದೀಪ ಹತ್ತುವ ತನಕ ಕೂತಿದ್ದಳು. ಹತ್ತಿಯ ಮಾತು ಬಂತು, ಅದರಲ್ಲೂ ಬಾಯಿ ಹಾಕಿದಳು. ಬಸ್ಸಿಳಿದ ಹುಡುಗಿಯರು, "ಯಮ್ಮಾ, ನೀನೂ ಬಂದೀ?" ಎಂದು ಅವಳ ಸುತ್ತ ಕೂತರು. ಅವರಿಗೆ ಜಾಗ ಬಿಡುತ್ತ ಬಿಡುತ್ತ ನಾನು ಅಂಚಿಗೆ ಬಂದು ಕಾಲು ಇಳಿಬಿಟ್ಟುಕೊಂಡು ಕೂತೆ. ಮದುವೆಯಾದಾಗ ಸಿಕ್ಕ ಬಡ್ತಿ ಆವತ್ತು ಹೋಯಿತು, ಮತ್ತು ನನಗೆ ಅಷ್ಟು ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

ಮರುದಿನ ಸಾಹೇಬರು ಭಾಷಣ ಕೇಳಿದರು, "ನೋಡೋಣ" ಎಂದರು, ಹೋದರು. ವಾರ ಕಳೆಯುವುದರೊಳಗೆ ಜೆಸಿಬಿ ಬಂತು. ಈಗ ಅಲ್ಲಿ ಅಗಲ ರಸ್ತೆ, ಕಬ್ಬಿಣದ ಕಂಬಿಯ ಬಸ್ ಶೆಲ್ಟರು. ಆ ಕಂಬಿಯ ಮೇಲೆ ಆನಿಕೊಳ್ಳಬಹುದೇ ಹೊರತು ಕೂಡಲಾಗುವುದಿಲ್ಲ.

ಇದನ್ನೆಲ್ಲ ನೆನೆಸಿಕೊಂಡು ಮೊನ್ನೆ ಒಳಗೆ ಬಂದವನೇ ಚಿಗವ್ವನಿಗೆ ಫೋನು ಹಚ್ಚಿದೆ. ನನ್ನ ಸಂಕಟ ಹೇಳಿಕೊಂಡೆ. ಹುಟ್ಟಿದಾಗಿನಿಂದ ಕೂತ ಜಾಗ, ಶಿವಲಿಂಗಪ್ಪನವರಂತೂ ಮನೆ ಬಿಟ್ಟು ಹೊರಬೀಳುವುದಿಲ್ಲವಂತೆ, ಎಂದೆಲ್ಲ. ಅವಳು ಬರೀ "ಹೂಂ" ಅನ್ನುತ್ತಿದ್ದಳು. ಅವಳಿಗೆ ಸಮಾಧಾನ ಮಾಡಲೆಂದು, "ಹೋಗ್ಲಿ ಬಿಡು ಚಿಗವ್ವ, ನಿನಗರೆ ಅದರ ರೂಢಿ ಇರಲಿಲ್ಲ" ಎಂದೆ.

ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ ಬಂತು.

"ನೀವು ಹೊಟ್ಟಿ ತುಂಬ ಕುಂತೀರಿ" ಎಂದಳು ಚಿಗವ್ವ. "ನಂದು ಈಗ ಸುರು ಆಗಿತ್ತಪಾ."