ಮೇಲಿನ ಹಲ್ಲು ಮತ್ತು ಸೋದರಮಾವನ ಜೀವ

ನನ್ನ ತಂಗಿಯ ಕೂಸಿಗೆ ತಿಂಗಳು ತುಂಬುವ ಮೊದಲೇ ಮೇಲಿನ ವಸಡು ಉಬ್ಬಿಕೊಂಡಿತು. ಇಳಕಲ್ಲಿನ ನಮ್ಮ ಓಣಿಯ ಹೆಂಗಸರೆಲ್ಲ ಬಂದು ನೋಡಿ, ಹಲ್ಲು ಬರುತ್ತಿದೆ ಎಂದು ತೀರ್ಮಾನಿಸಿದರು. ಮೊದಲ ಹಲ್ಲು ಮೇಲೆ ಬಂದರೆ ಸೋದರಮಾವನ ಜೀವಕ್ಕೆ ಕುತ್ತು ಎಂಬುದು ನಮ್ಮ ಕಡೆಯ ನಂಬಿಕೆ. ಸೋದರಮಾವ ನಾನೇ. ಹೀಗಾಗಿ ಹಾಲು ಚೀಪಲಾಗದೆ ಕೂಸು ಒಳಗೆ ಅಳುತ್ತಿದ್ದರೆ, ಮನೆಯವರೆಲ್ಲ ಪಡಸಾಲೆಯಲ್ಲಿ ಕೂತು ನನಗಾಗಿ ಮರುಗುತ್ತಿದ್ದರು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತವನು ನಾನು. ನಾನು ನೇಯ್ದ ಸೀರೆಯಲ್ಲಿ ತಪ್ಪಿದ ಎಳೆ ತೋರಿಸುವವರು ಇನ್ನೂ ಹುಟ್ಟಿಲ್ಲ. ಅಂಥವನನ್ನು ಅಂಗೈಯಗಲದ ಕೂಸು ಮುಗಿಸಲಿದೆ ಎಂದು ಊರಿಗೆಲ್ಲ ಸುದ್ದಿ. ಪಕ್ಕದ ಮಗ್ಗದ ಗೆಳೆಯನಂತೂ, "ಲೇ, ಹಚ್ಚಿದ ಸೀರಿ ಒಂದು ಮುಗಿಸಿ ಹೋಗಲೇ, ಗಿರಾಕಿ ಕಾಯಾಕತ್ತಾರ" ಎಂದ.

ಪರಿಹಾರವೂ ಇತ್ತು. ಹಲ್ಲು ಬಂದ ಕೂಸನ್ನು ನೇರ ನೋಡುವ ಮೊದಲು ನಾನು ಅದರ ಮುಖವನ್ನು ಎಣ್ಣೆಯಲ್ಲಿ ನೋಡಬೇಕು. ಒಳ್ಳೆಯ ವಾರವೆಂದು ಸೋಮವಾರದ ತನಕ ಕಾಯಿಸಿ ಅವ್ವ ಎಣ್ಣೆಯ ಬಟ್ಟಲನ್ನು ನನ್ನ ಮುಂದಿಟ್ಟಳು. ತಂಗಿ ನನ್ನ ಬೆನ್ನ ಹಿಂದಿನಿಂದ ಕೂಸನ್ನು ಬಗ್ಗಿಸಿ ತುಟಿ ಎತ್ತಿದಳು. ಎಣ್ಣೆಯಲ್ಲಿ ಕಪ್ಪಗೆ ಏನೋ ಕಂಡಿತು.

"ಹೊಳ್ಳಿ ನೋಡಬ್ಯಾಡೋ!" ಎಂದು ಅವ್ವ ಕೂಗುವಷ್ಟರಲ್ಲಿ ಹೊರಳಿ ನೋಡಿದ್ದೆ. ತುಟಿಯನ್ನೇ ನೂಕುವಂಥ ನೀಲಿಗಪ್ಪು ಗಂಟು.

"ಯವ್ವಾ, ಇದ್ಯಾವ ಹಲ್ಲಬೇ? ನಡಿ ದವಾಖಾನಿಗೆ."

"ನಮಗ ನಿನ್ನ ಚಿಂತಿ ಆಗೇತಪಾ."

"ನಾ ಉಂಡು ಗುಂಡಕಲ್ಲಿನಂಗ ಅದೇನಿ. ಉಪವಾಸ ಇರೂದು ಈ ಕೂಸು!"

ಹುನಗುಂದದ ಮೇಲೆ ಬಾಗಲಕೋಟೆಗೆ ಹೋದೆವು. ಬಸ್ಸಿನಲ್ಲಿ ನನ್ನ ಕಣ್ಣು ಬೀಳದಂತೆ ಅವ್ವ ಕೂಸಿನ ಮೇಲೆ ಸೆರಗು ಎಳೆಯುತ್ತಿದ್ದಳು, ಉಸಿರು ಕಟ್ಟೀತೆಂದು ತಂಗಿ ಸರಿಸುತ್ತಿದ್ದಳು.

ಸ್ಕ್ಯಾನು, ಚೂರು ತೆಗೆದು ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಕೂಡಿಸಿ ಹೇಳಿದರು: "ಇದು ದವಡಿಯೊಳಗಿನ ಗಡ್ಡಿರಿ. ಭಾಳ ಅಪರೂಪ. ಕ್ಯಾನ್ಸರ್ ಅಲ್ಲ, ಆದ್ರ ಬೆಳಿಯೂದು ಜೋರ. ಎಲುಬಿನ ಅಂಚು ಸಮೇತ ತೆಗೀಬೇಕು. ಅದರಾಗಿನ ಹಲ್ಲಿನ ಮೊಳಕಿನೂ ಹೋಗ್ತಾವ."

"ಅಂದ್ರ ಅಲ್ಲಿ ಹಲ್ಲ ಬರೂದಿಲ್ಲೇನ್ರಿ?" ಅವ್ವ ಕೇಳಿದಳು.

"ಆ ಜಾಗಾದಾಗ ಇಲ್ಲವ್ವ."

ಅವ್ವನ ಮುಖ ಅರಳಿತು. "ನೀ ಬದುಕಿದಿ ಬಿಡಪಾ" ಎಂದು ನನ್ನ ಬೆನ್ನು ಸವರಿದಳು. ತಂಗಿ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು.

ದಿನವಿಡೀ ಮಗ್ಗದ ಮುಂದೆ ಅಲುಗದೆ ಕೂರುವ ನಾನು, ಆಪರೇಷನ್ನಿನ ಹೊತ್ತು ಆ ಬೆಂಚಿನ ಮೇಲೆ ಕೂರಲಾರದೆ ಹೋದೆ. ಗಡ್ಡೆ ಪೂರ್ತಿ ಹೊರಬಂತು ಎಂದರು ಡಾಕ್ಟರು. ಮತ್ತೆ ಬೆಳೆಯಬಹುದು, ತಪಾಸಣೆ ತಪ್ಪಿಸಬೇಡಿ ಎಂದೂ ಹೇಳಿದರು. ಕೆಲವು ದಿನ ಮೂಗಿನ ನಳಿಕೆಯಲ್ಲಿ ಹಾಲು ಹೋಯಿತು.

ಒಂದು ಮುಂಜಾನೆ ನಳಿಕೆ ತೆಗೆದು, ಎದೆಗೆ ಹಚ್ಚಿ ನೋಡು ಎಂದು ನರ್ಸಮ್ಮ ತಂಗಿಗೆ ಹೇಳಿದರು. ನಾನು ಹೋಗಿ ಮಂಚದ ಹತ್ತಿರ ನಿಂತೆ. ಅವ್ವ ನನ್ನತ್ತ ತಿರುಗಿದಳು.

"ಆಕಿ ಹಾಲ ಕುಡಿಸಾಕಿ. ಗಂಡಸಾಗಿ ನೀ ಇಲ್ಲ್ಯಾಕ ನಿಂತಿ? ಹೊರಗ ಹೋಗ."

ಹೊರಗೆ ಹೋಗಿ ಬಾಗಿಲಿಗೆ ಕಿವಿಗೊಟ್ಟು ನಿಂತೆ. ಮೊದಲು ಅಳು ಕೇಳಿತು. ಆಮೇಲೆ ಅಳು ನಿಂತು, ಲಚಲಚ ಚೀಪುವ ಸದ್ದು ಕೇಳತೊಡಗಿತು.