ಹದ್ದಿನ ಜೇಬಿನ ತೂಕ

ಗುಜರಿ ಅಂಗಡಿಯಲ್ಲಿ ಮೂವತ್ತು ವರ್ಷ ತೂಕ ಹಾಕಿದ ಅವನಿಗೆ ಮಾಲು ತರುವವರು ಇಟ್ಟ ಹೆಸರು ಹದ್ದು. ರದ್ದಿ ಕಾಗದಕ್ಕೆ ನೀರು ಚಿಮುಕಿಸಿದ್ದನ್ನು ಮೂಗಿನಲ್ಲೇ ಹಿಡಿಯುತ್ತಿದ್ದ. ಡಬ್ಬದೊಳಗೆ ಮಣ್ಣು ತುಂಬಿದ್ದರೆ ಕಾಲಲ್ಲಿ ತಟ್ಟಿಯೇ ಹೇಳುತ್ತಿದ್ದ. ಅವನ ಕಣ್ಣಿಗೆ ಮಣ್ಣೆರಚಿ ಗೆದ್ದವರಿಲ್ಲ. ಅಂಥ ಆಸಾಮಿ ಈಗ ಭಾನುವಾರ ಬಂತೆಂದರೆ ತನ್ನ ಕೋಟಿನ ಜೇಬಿಗೇ ತೂಕದ ಕಲ್ಲು ಇಳಿಸುತ್ತಿದ್ದ.

ಗಡ್ಡೆ ಬೆಳೆದಿದೆಯೆಂದು ಡಾಕ್ಟರು ಅವನ ಜಠರವನ್ನು ಪೂರ್ತಿ ತೆಗೆದಿದ್ದರು. ತೂಕ ಇಳಿಯಬಾರದು, ಇಳಿದರೆ ಮುಂದಿನ ಚಿಕಿತ್ಸೆಯನ್ನು ಮೈ ತಡೆದುಕೊಳ್ಳುವುದಿಲ್ಲ ಎಂದಿದ್ದರು. ಹೆಂಡತಿ ಅದನ್ನು ಪಟ್ಟಾಗಿ ಹಿಡಿದಳು, ಭಾನುವಾರಕ್ಕೊಮ್ಮೆ ಅವನನ್ನು ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಚೀಟಿಯಲ್ಲಿ ಬರೆದಿಡತೊಡಗಿದಳು. ಗಂಜಿಗೆ ಬೆಣ್ಣೆ, ಹಾಲಿಗೂ ಬೆಣ್ಣೆ. ಉಂಡ ಸ್ವಲ್ಪ ಹೊತ್ತಿಗೆ ಅವನಿಗೆ ಹೊಟ್ಟೆ ನುಲಿದು ಬೆವರು ಕಿತ್ತುಬರುತ್ತಿತ್ತು. ಪಾಯಿಖಾನೆಯ ನೀರಿನ ಮೇಲೆ ಎಣ್ಣೆ ತೇಲುವುದನ್ನು ಅವನು ದಿನಾ ನೋಡುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಮೊದಲ ಭಾನುವಾರ ಅಂಗಡಿಯ ತಕ್ಕಡಿಯ ಮುಳ್ಳು ಇಳಿದದ್ದನ್ನು ಕಂಡು ಅವಳು ರದ್ದಿಯ ಮೂಟೆಯ ಮೇಲೆ ಕುಸಿದು ಅರ್ಧ ಗಂಟೆ ಏಳಲಿಲ್ಲ. ಮುಂದಿನ ವಾರ ಅವನು ಅರ್ಧ ಕಿಲೋ ಕಲ್ಲು ಜೇಬಿಗಿಳಿಸಿದ. ಆಮೇಲೆ ಒಂದು, ಆಮೇಲೆ ಎರಡು, ಕೊನೆಗೆ ನಾಲ್ಕು. ಮುಳ್ಳು ಏರಿದಂತೆಲ್ಲ ಅವಳು ಬೆಣ್ಣೆ ಏರಿಸಿದಳು.

ಮೂರನೇ ತಿಂಗಳು ಆಸ್ಪತ್ರೆಯಲ್ಲಿ ಕೋಟು ಬಿಚ್ಚಿಸಿ ತೂಕಕ್ಕೆ ನಿಲ್ಲಿಸಿದರು. ನಲವತ್ತಾರು. ಅವಳ ಚೀಟಿಯಲ್ಲಿದ್ದದ್ದು ಐವತ್ತು.

"ನಿಮ್ಮ ತಕ್ಕಡಿ ಕೆಟ್ಟಿದೆ ಕಣಮ್ಮ," ಎಂದಳು ಅವಳು, ಪಥ್ಯ ಹೇಳುವ ಹೆಂಗಸಿಗೆ. "ನಮ್ಮ ಯಜಮಾನ್ರು ಮೂವತ್ತು ವರ್ಷ ತೂಕ ಹಾಕಿದೋರು. ಅವರ ಮುಳ್ಳು ಸುಳ್ಳು ಹೇಳಲ್ಲ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಇವರ ತಕ್ಕಡಿ ಸರಿಯಾಗೇ ಇದೆ ಕಣೇ," ಎಂದು ಕೋಟಿನ ಜೇಬಿನಿಂದ ಎರಡು ಕಿಲೋದ ಕಲ್ಲುಗಳೆರಡನ್ನು ತೆಗೆದು ಮೇಜಿನ ಮೇಲಿಟ್ಟ. ಎಣ್ಣೆಯ ವಿಷಯವನ್ನೂ ಹೇಳಿದ.

ಪಥ್ಯದ ಹೆಂಗಸು ನಗಲಿಲ್ಲ. "ಜಠರ ಅಂದ್ರೆ ಬರೀ ಚೀಲ ಅಲ್ಲಮ್ಮ. ಜಿಡ್ಡನ್ನ ಕಡೆದು ಸಣ್ಣ ಸಣ್ಣ ಹನಿ ಮಾಡುತ್ತೆ, ತನ್ನ ರಸದಿಂದ ಒಂದಿಷ್ಟು ಒಡೆಯುತ್ತೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತೆ. ಇವರಿಗೆ ಅದೇ ಇಲ್ಲ. ನೀವು ಹಾಕಿದ ಬೆಣ್ಣೆ ಒಟ್ಟಿಗೇ ಕರುಳಿಗೆ ಬೀಳುತ್ತೆ. ಅಲ್ಲಿ ಪಿತ್ತರಸ ಬಂದು ಬೆರೆಯೋದ್ರೊಳಗೆ ಜಾರಿ ಹೋಗಿರುತ್ತೆ. ಜಿಡ್ಡು ಬಿಡಬೇಡಿ, ಒಂದೊಂದೇ ಚಮಚ, ದಿನಕ್ಕೆ ಏಳೆಂಟು ಸಲ ಊಟ. ಜೀರ್ಣಕ್ಕೆ ಮಾತ್ರೆ ಬರೆಸಿಕೊಡ್ತೀನಿ."

"ಅಂದ್ರೆ ನಾನೇ ಸೊರಗಿಸಿದ್ನಾ ಇವರನ್ನ?"

"ನಿಮಗೆ ನಿಜವಾದ ತೂಕ ಗೊತ್ತಿರಲಿಲ್ಲವಲ್ಲ."

ಬಸ್ಸಿನಲ್ಲಿ ಅವಳು ಚೀಟಿಯ ಅಂಕಿಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಭಾನುವಾರ ಅಂಗಡಿಗೆ ಬಂದವಳು ಅವನ ಎರಡೂ ಜೇಬಿಗೆ ಕೈ ಹಾಕಿ ತಡಕಿದಳು, ಸೊಂಟ ಮುಟ್ಟಿ ನೋಡಿದಳು, ಅವನು ಊರವರ ಮೂಟೆಗಳನ್ನು ತಡಕಿ ನೋಡುತ್ತಿದ್ದ ಹಾಗೆಯೇ.

"ಇನ್ನೇನಾದ್ರೂ ಬಚ್ಚಿಟ್ಟಿದ್ದೀರಾ?"

"ಹೆದರಿಕೆ ಇದೆ."

"ಅದು ನನ್ನ ಹತ್ರಾನೂ ಇದೆ. ನಿಂತ್ಕೊಳ್ಳಿ."

ಮುಳ್ಳು ಅಲುಗಾಡಿ ನಲವತ್ತೈದೂವರೆಗೆ ನಿಂತಿತು. ಅವಳು ಅದನ್ನೇ ಬರೆದುಕೊಂಡಳು.